ಹಳೆಯ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಹೊಂದಾಣಿಕೆಯ ತೊಂದರೆಗಳು ಮತ್ತು ಕನ್ನಡ ದಾಖಲೆಗಳ ಸಂರಕ್ಷಣೆ – ಸಾರ್ವಜನಿಕ ಮಾಹಿತಿ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂ ಮುಂತಾದ ಹಳೆಯ ಬಡಾವಣೆಗಳಲ್ಲಿರುವ ಪತ್ತಿನ ಸಹಕಾರ ಸಂಘಗಳು, ಮುದ್ರಣಾಲಯಗಳು, ಧರ್ಮದತ್ತಿ ಸಂಸ್ಥೆಗಳು ಹಾಗೂ ವಿದ್ಯಾಸಂಸ್ಥೆಗಳ ಪೈಕಿ ಹಲವು 1990ರ ದಶಕದಲ್ಲಿ ಮತ್ತು ಅದರ ನಂತರದ ಕೆಲವು ವರ್ಷಗಳಲ್ಲಿ ಗಣಕಯಂತ್ರಗಳನ್ನು ಅಳವಡಿಸಿಕೊಂಡವು. ಅಂತಹ ಯಂತ್ರವೊಂದು ಈಗಲೂ ಕಛೇರಿಯ ಮೂಲೆಯಲ್ಲಿ ಇರುವುದುಂಟು. ಷೇರುದಾರರ ಹಳೆಯ ಖಾತೆ, ಠೇವಣಿಯ ಲೆಕ್ಕ, ನಾಮನಿರ್ದೇಶಿತರ ಹೆಸರು ಇವು ಅದರಲ್ಲಿ ಮಾತ್ರ ಇದ್ದು, ಸದಸ್ಯರ ವಾರಸುದಾರರು ಬಂದು ಕೇಳಿದಾಗಲಷ್ಟೇ ಅದನ್ನು ಚಾಲನೆ ಮಾಡಲಾಗುತ್ತದೆ. ಒಂದು ದಿನ ಪರದೆ ಮೂಡುವುದಿಲ್ಲ, ಅಥವಾ ಮೂಡಿದರೂ ಕನ್ನಡದ ಬದಲು ಗೆರೆಗಳು ಕಾಣುತ್ತವೆ. "ಕಂಪ್ಯೂಟರ್ ಹಾಳಾಗಿದೆ, ದಾಖಲೆ ಹೋಯಿತು" ಎಂಬ ಹಿಂಬರಹದೊಂದಿಗೆ ಅರ್ಜಿಯು ಮುಕ್ತಾಯವಾಗುತ್ತದೆ.

ಬಹುತೇಕ ಪ್ರಕರಣಗಳಲ್ಲಿ ಈ ಹಿಂಬರಹ ಸರಿಯಲ್ಲ. ಗ್ರಾಫಿಕ್ಸ್ ಕಾರ್ಡ್ ಎಂಬುದು ದಾಖಲೆಯನ್ನು ತೋರಿಸುವ ಸಾಧನವೇ ಹೊರತು ದಾಖಲೆಯನ್ನು ಇಟ್ಟುಕೊಳ್ಳುವ ಸಾಧನವಲ್ಲ. ಕಪಾಟಿನ ಬೀಗ ಕೆಟ್ಟ ಮಾತ್ರಕ್ಕೆ ಒಳಗಿನ ಲೆಡ್ಜರ್ ನಾಶವಾಯಿತೆಂದು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ. ಪರದೆಯ ತೊಂದರೆ ಯಾವ ಹಂತದ್ದೆಂದು ಗುರುತಿಸುವ ಬಗೆ ಹಾಗೂ ದಾಖಲೆಗಳನ್ನು ಸುರಕ್ಷಿತವಾಗಿ ಹೊರತೆಗೆಯುವ ಬಗೆಯನ್ನು ಸಂಬಂಧಪಟ್ಟವರ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ.

ಮೊದಲು ಮಾಡತಕ್ಕ ಕೆಲಸ

ಯಾವುದೇ ದುರಸ್ತಿಗೆ ಮುಂಚೆ ಹಾರ್ಡ್ ಡಿಸ್ಕನ್ನು ಯಂತ್ರದಿಂದ ಬಿಡಿಸಿ, ಯುಎಸ್‌ಬಿ ಪರಿವರ್ತಕದ ಮೂಲಕ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಪೂರ್ಣ ಪ್ರತಿಯನ್ನು ತೆಗೆಯತಕ್ಕದ್ದು. ಹಳೆಯ ಡಿಸ್ಕ್‌ಗಳು ಅಗಲವಾದ ಪಟ್ಟಿಯಂತಹ ಕೇಬಲ್ ಇರುವ ಐಡಿಇ ಮಾದರಿಯವು; ಇವುಗಳಿಗೆ ಹೊಂದುವ ಪರಿವರ್ತಕಗಳು ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿದರೆ ದೊರೆಯುತ್ತವೆ. ಡಿಸ್ಕ್‌ನ ಹಿಂಭಾಗದಲ್ಲಿರುವ ಜಂಪರ್ ಅನ್ನು 'ಮಾಸ್ಟರ್' ಸ್ಥಾನದಲ್ಲಿ ಇಡಬೇಕು. ಡಿಸ್ಕ್ ಜೋಡಿಸಿದ ಕೂಡಲೇ "ಫಾರ್ಮ್ಯಾಟ್ ಮಾಡಬೇಕೇ" ಎಂದು ಹೊಸ ಯಂತ್ರ ಕೇಳಿದಲ್ಲಿ ಯಾವ ಕಾರಣಕ್ಕೂ ಒಪ್ಪಿಗೆ ನೀಡಬಾರದು. ಡಿಸ್ಕ್‌ನಿಂದ ಟಕಟಕ ಶಬ್ದ ಬರುತ್ತಿದ್ದರೆ ಮತ್ತೆ ಮತ್ತೆ ಚಾಲನೆ ಮಾಡದೆ, ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಲ್ಲವರಿಗೆ ಒಪ್ಪಿಸುವುದು ಸೂಕ್ತ.

ಪರದೆ ಬಾರದ ಯಂತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಿಕೊಡುವುದಾಗಿ ಕೆಲವು ದುರಸ್ತಿಗಾರರು ಹೇಳುತ್ತಾರೆ. ಹಾಗೆ ಮಾಡಿದಾಗ ಪರದೆ ಬರಬಹುದು. ಅದರ ಹಿಂದೆ ಇದ್ದ ಕಡತಗಳು ಉಳಿಯುತ್ತವೆಂಬ ಖಾತ್ರಿ ಇರುವುದಿಲ್ಲ. ಪ್ರತಿಯನ್ನು ತೆಗೆದ ನಂತರ ಯಾವ ಪ್ರಯೋಗವನ್ನಾದರೂ ಮಾಡಬಹುದು.

ತೊಂದರೆ ಯಾವ ಹಂತದಲ್ಲಿದೆ?

ಗುಂಡಿ ಒತ್ತಿದ ಕ್ಷಣದಿಂದ ತಂತ್ರಾಂಶ ತೆರೆಯುವವರೆಗೆ ಪರದೆಯು ಮೂರು ಕೈಗಳನ್ನು ದಾಟುತ್ತದೆ. ಮೊದಲು ಯಂತ್ರದ ಬಯಾಸ್, ಅನಂತರ ಕಾರ್ಯಾಚರಣಾ ವ್ಯವಸ್ಥೆ ಮತ್ತು ಅದರ ಡ್ರೈವರ್, ಕೊನೆಗೆ ಬಳಕೆಯ ತಂತ್ರಾಂಶ. ಪರದೆ ಎಲ್ಲಿ ತಪ್ಪಿತೆಂದು ನೋಡಿಕೊಂಡರೆ ಅನಗತ್ಯವಾಗಿ ಕಾರ್ಡ್ ಕೊಳ್ಳುವುದು ತಪ್ಪುತ್ತದೆ.

ಆರಂಭದಿಂದಲೇ ಪರದೆ ಕಪ್ಪಾಗಿದ್ದರೆ ಯಂತ್ರ ಹೊರಡಿಸುವ ಶಬ್ದವನ್ನು ಗಮನಿಸಬೇಕು. ಅವಾರ್ಡ್ ಬಯಾಸ್ ಇರುವ ಯಂತ್ರಗಳಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಶಬ್ದಗಳು, ಎಎಂಐ ಬಯಾಸ್ ಇರುವಲ್ಲಿ ಎಂಟು ಶಬ್ದಗಳು ಕಾರ್ಡಿನ ದೋಷವನ್ನು ಸೂಚಿಸುತ್ತವೆ. ವಿದ್ಯುತ್ ಸಂಪರ್ಕ ತೆಗೆದು, ಕಾರ್ಡನ್ನು ಬಿಡಿಸಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಬಾರಿ ಪರದೆ ಮರಳುತ್ತದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಬರಿದಾಗಿದ್ದರೆ ಬಯಾಸ್ ತನ್ನ ಮೂಲ ಸ್ಥಿತಿಗೆ ಹೋಗುತ್ತದೆ. ಆಗ ಯಾವ ಕಾರ್ಡನ್ನು ಮೊದಲು ಬಳಸಬೇಕೆಂಬ ಆಯ್ಕೆ ಬದಲಾಗಿ, ಕೇಬಲ್ ಜೋಡಿಸಿದ ಕಾರ್ಡನ್ನು ಬಿಟ್ಟು ಇನ್ನೊಂದಕ್ಕೆ ಚಿತ್ರ ಹೋಗುತ್ತಿರುತ್ತದೆ. ಕೇಬಲನ್ನು ಮದರ್‌ಬೋರ್ಡಿನ ಸ್ವಂತ ವಿಜಿಎ ಕಿಂಡಿಗೆ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ದೋಷ ಕಾರ್ಡಿನದ್ದಲ್ಲ.

ಬದಲಿ ಕಾರ್ಡ್ ಕೊಳ್ಳುವಾಗ ಕಿಂಡಿಯ ಜಾತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಐಎಸ್‌ಎ, ಪಿಸಿಐ, ಎಜಿಪಿ, ಪಿಸಿಐ ಎಕ್ಸ್‌ಪ್ರೆಸ್ ಇವು ಒಂದಕ್ಕೊಂದು ಹೊಂದುವುದಿಲ್ಲ. ಎಜಿಪಿಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮೊದಲ ಪೀಳಿಗೆಯ ಕಾರ್ಡುಗಳು 3.3 ವೋಲ್ಟ್‌ನವು, ಎರಡನೆಯ ಪೀಳಿಗೆ 1.5 ವೋಲ್ಟ್, ಮೂರನೆಯದು 0.8 ವೋಲ್ಟ್. ತಪ್ಪು ಜೋಡಣೆ ಆಗದಿರಲೆಂದು ಅಂಚಿನಲ್ಲಿ ಕಚ್ಚು ಇಡಲಾಗಿದೆ. ಕಚ್ಚು ಹೊಂದದ ಕಾರ್ಡನ್ನು ಬಲವಂತವಾಗಿ ಒತ್ತಿದರೆ ಕಾರ್ಡ್ ಮಾತ್ರವಲ್ಲ, ಮದರ್‌ಬೋರ್ಡ್ ಸಹ ಸುಡಬಹುದು.

ಬಯಾಸ್‌ನ ಅಕ್ಷರಗಳು ಕಂಡು, ವಿಂಡೋಸ್ ತೆರೆಯುವಾಗ ಪರದೆ ಹೋದರೆ ಅದು ಡ್ರೈವರ್‌ನ ತೊಂದರೆ. ವಿಂಡೋಸ್ 98 ಅಥವಾ ಎಕ್ಸ್‌ಪಿಯನ್ನು ಎಫ್8 ಕೀಲಿ ಒತ್ತಿ ಸೇಫ್ ಮೋಡ್‌ನಲ್ಲಿ ತೆರೆಯಬೇಕು. ಆಗ ತಯಾರಕರ ಡ್ರೈವರನ್ನು ಬದಿಗಿಟ್ಟು ಎಲ್ಲ ಕಾರ್ಡುಗಳಿಗೂ ಸಾಮಾನ್ಯವಾದ ವಿಜಿಎ ಡ್ರೈವರ್ ಬಳಕೆಯಾಗುತ್ತದೆ. ದಾಖಲೆ ನೋಡಿಕೊಳ್ಳಲು ಇದೇ ಸಾಕು. ಚಿತ್ರ ಒರಟಾಗಿದ್ದರೆ ಅಡ್ಡಿಯಿಲ್ಲ.

ಸರಿಯಾದ ಡ್ರೈವರ್ ಹುಡುಕಲು ಕಾರ್ಡಿನ ಡಬ್ಬಿಯ ಹೆಸರಿಗಿಂತ ಅದರ ತಯಾರಕ ಸಂಖ್ಯೆ ಹೆಚ್ಚು ನಂಬಲರ್ಹ. ಎಕ್ಸ್‌ಪಿಯ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ವಿವರ ತೆರೆದರೆ ಈ ಸಂಖ್ಯೆ ಸಿಗುತ್ತದೆ: 8086 ಎಂದರೆ ಇಂಟೆಲ್, 1002 ಎಂದರೆ ಎಟಿಐ, 10ಡಿಇ ಎಂದರೆ ಎನ್‌ವಿಡಿಯಾ, 5333 ಎಂದರೆ ಎಸ್3, 1039 ಎಂದರೆ ಎಸ್‌ಐಎಸ್. ವಿಂಡೋಸ್ 98ಕ್ಕೆ ಎನ್‌ವಿಡಿಯಾ ನೀಡಿದ ಕೊನೆಯ ಅಧಿಕೃತ ಡ್ರೈವರ್ 81.98ನೇ ಆವೃತ್ತಿ, ಎಟಿಐ ನೀಡಿದ ಕೊನೆಯದು ಕ್ಯಾಟಲಿಸ್ಟ್ 6.2. ಇಂಟೆಲ್‌ನ 845 ಮತ್ತು 865 ಮಾದರಿಯ ಬೋರ್ಡುಗಳಿಗೆ ವಿಂಡೋಸ್ 98ರ ಡ್ರೈವರ್ ಇದೆ, 915 ಮಾದರಿಗೆ ಇಲ್ಲ. ಹೀಗಾಗಿ ಹೊಸ ಕಾರ್ಡ್ ಹಾಕಿದರೆ ಹಳೆಯ ವ್ಯವಸ್ಥೆ ಚೆನ್ನಾಗಿ ಓಡುತ್ತದೆಂಬ ಭಾವನೆ ತಪ್ಪು. ಹಳೆಯ ವ್ಯವಸ್ಥೆಗೆ ಅದರ ಕಾಲದ ಕಾರ್ಡೇ ಬೇಕು. ನೆನಪಿನ ವಿಷಯದಲ್ಲೂ ಇದೇ ಮಾತು: ವಿಂಡೋಸ್ 98 ಇರುವ ಯಂತ್ರಕ್ಕೆ 512 ಎಂಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿದರೆ ನೆನಪು ಸಾಲದೆಂಬ ವಿಚಿತ್ರ ಸಂದೇಶ ಬರುವ ಸಂಭವವಿದೆ. ಇದು ಕಾರ್ಡ್ ಬದಲಾಯಿಸಿದ ದಿನವೇ ಕಂಡುಬಂದರೆ ಕಾರ್ಡಿನ ಮೇಲೆ ಅಪವಾದ ಬರುತ್ತದೆ.

ತಂತ್ರಾಂಶ ತೆರೆದಾಗ ಮಾತ್ರ ತೊಂದರೆಯಾದರೆ

ಡಾಸ್ ಕಾಲದ ಫಾಕ್ಸ್‌ಪ್ರೊ, ಡಿಬೇಸ್, ಕ್ಲಿಪ್ಪರ್‌ನಲ್ಲಿ ಬರೆದ ಲೆಕ್ಕದ ತಂತ್ರಾಂಶಗಳು ಮತ್ತು ಕಾಲೇಜುಗಳಲ್ಲಿ ಬಳಸಿದ ಟರ್ಬೊ ಸಿ ಪೂರ್ಣ ಪರದೆಯನ್ನು ತಾವೇ ವಶಕ್ಕೆ ತೆಗೆದುಕೊಳ್ಳುವ ಪದ್ಧತಿಯವು. ವಿಂಡೋಸ್ ಎಕ್ಸ್‌ಪಿ ಇದಕ್ಕೆ ಅವಕಾಶ ನೀಡುತ್ತಿತ್ತು. 2007ರಲ್ಲಿ ಬಿಡುಗಡೆಯಾದ ವಿಸ್ತಾ ಹಾಗೂ 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಡ್ರೈವರ್‌ಗಳ ರಚನೆಯೇ ಬದಲಾಯಿತು. ಪರಿಣಾಮವಾಗಿ ಈ ವ್ಯವಸ್ಥೆಯು ಪೂರ್ಣ ಪರದೆಯನ್ನು ಬೆಂಬಲಿಸುವುದಿಲ್ಲವೆಂಬ ಸಂದೇಶ ಬಂದು ತಂತ್ರಾಂಶ ನಿಂತುಬಿಡುತ್ತದೆ. ಇಲ್ಲಿ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. 64 ಬಿಟ್‌ನ ವಿಂಡೋಸ್‌ನಲ್ಲಂತೂ 16 ಬಿಟ್ ತಂತ್ರಾಂಶಗಳನ್ನು ನಡೆಸುವ ಭಾಗವೇ ಇಲ್ಲ.

ಎರಡು ದೋಷಗಳನ್ನು ಕಾರ್ಡಿನ ತಲೆಗೆ ಕಟ್ಟುವ ವಾಡಿಕೆ ಇರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಟರ್ಬೊ ಪಾಸ್ಕಲ್‌ನಲ್ಲಿ ಬರೆದ ತಂತ್ರಾಂಶವು 'ರನ್‌ಟೈಮ್ ಎರರ್ 200' ಎಂದು ನಿಂತರೆ, ಫಾಕ್ಸ್‌ಪ್ರೊ 2.6 ತೆರೆಯುತ್ತಲೇ ಭಾಗಾಕಾರದ ದೋಷ ತೋರಿಸಿದರೆ, ಕಾರಣ ಪ್ರೊಸೆಸರ್‌ನ ವೇಗ. ಯಂತ್ರದ ವೇಗವನ್ನು ಅಳೆಯಲು ಮಾಡಿದ ಲೆಕ್ಕವು ಅತಿ ವೇಗದ ಯಂತ್ರದಲ್ಲಿ ಕೈಕೊಡುತ್ತದೆ. ಟರ್ಬೊ ಸಿಯಲ್ಲಿ ಗ್ರಾಫಿಕ್ಸ್ ಆರಂಭವಾಗಿಲ್ಲವೆಂಬ ಸಂದೇಶ ಬಂದರೆ, ಬಹುಶಃ ಬಿಜಿಐ ಕಡತಕೋಶದ ವಿಳಾಸವನ್ನು ವಿದ್ಯಾರ್ಥಿ ತಪ್ಪಾಗಿ ಬರೆದಿರುತ್ತಾನೆ. ಆ ತಂತ್ರಾಂಶಕ್ಕೆ ಗೊತ್ತಿರುವುದು 640×480 ಅಳತೆಯ 16 ಬಣ್ಣಗಳ ವಿಜಿಎ ಮಾತ್ರ. ಎಷ್ಟೇ ಬೆಲೆಯ ಕಾರ್ಡ್ ಹಾಕಿದರೂ ಅದಕ್ಕಿಂತ ಹೆಚ್ಚು ತೋರಿಸದು.

ಮುದ್ರಣಾಲಯಗಳ ಪೇಜ್‌ಮೇಕರ್‌ನಲ್ಲಿ ಅಕ್ಷರಗಳು ಹರಿದಂತೆ ಕಂಡರೆ, ಡಿಸ್‌ಪ್ಲೇ ಪ್ರಾಪರ್ಟೀಸ್‌ನ ಟ್ರಬಲ್‌ಶೂಟ್ ಪುಟದಲ್ಲಿ ಹಾರ್ಡ್‌ವೇರ್ ವೇಗವರ್ಧನೆಯ ಗುಂಡಿಯನ್ನು ಒಂದೊಂದೇ ಹಂತ ಕೆಳಗಿಳಿಸಿ ನೋಡಬೇಕು. ಕೆಳಗಿಳಿಸಿದಾಗ ಸರಿಹೋದರೆ ದೋಷ ಡ್ರೈವರಿನದು.

ಜಿಸ್ಟ್ ಕಾರ್ಡ್ ಇರುವ ಯಂತ್ರಗಳು

ಕನ್ನಡ ದಾಖಲೆಗಳ ಮಟ್ಟಿಗೆ ಅತ್ಯಂತ ಮುಖ್ಯವಾದ ಪ್ರಕರಣ ಇದು. ಡಾಸ್ ಕಾಲದಲ್ಲಿ ಸಾಧಾರಣ ಡಿಸ್‌ಪ್ಲೇ ಕಾರ್ಡಿಗೆ ಕನ್ನಡ ಬರುತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡು, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಇದಕ್ಕೆ ಪರಿಹಾರ ನೀಡಿತು. ಐಎಸ್‌ಎ ಕಿಂಡಿಯಲ್ಲಿ ಕೂರಿಸುವ ಹೆಚ್ಚುವರಿ ಕಾರ್ಡ್ ಇದು. ಡಿಬೇಸ್, ಫಾಕ್ಸ್‌ಪ್ರೊ, ವರ್ಡ್‌ಸ್ಟಾರ್‌ನಂತಹ ತಂತ್ರಾಂಶಗಳನ್ನು ತಿದ್ದದೆಯೇ ಅವುಗಳಲ್ಲಿ ಕನ್ನಡವನ್ನು ಬೆರಳಚ್ಚು ಮಾಡಿ ಪರದೆಯಲ್ಲಿ ನೋಡಲು ಸಾಧ್ಯವಾಯಿತು. ತಂತ್ರಾಂಶಕ್ಕೆ ತಾನು ಕನ್ನಡ ಬರೆಯುತ್ತಿದ್ದೇನೆಂಬ ಅರಿವೇ ಇರುತ್ತಿರಲಿಲ್ಲ ಎಂಬುದು ಈ ಕಾರ್ಡಿನ ಜಾಣತನ.

ಐಎಸ್‌ಎ ಕಿಂಡಿ 2000ದ ನಂತರದ ಸಾಮಾನ್ಯ ಮದರ್‌ಬೋರ್ಡುಗಳಿಂದ ಕಣ್ಮರೆಯಾಯಿತು. ಆದುದರಿಂದ ಹಳೆಯ ಯಂತ್ರ ಕೆಟ್ಟರೆ ಜಿಸ್ಟ್ ಕಾರ್ಡನ್ನು ಹೊಸ ಯಂತ್ರಕ್ಕೆ ವರ್ಗಾಯಿಸಲು ಆಗುವುದಿಲ್ಲ. ಕಡತವನ್ನು ಮಾತ್ರ ಹೊಸ ಯಂತ್ರಕ್ಕೆ ತಂದು ತೆರೆದರೆ ಪೆಟ್ಟಿಗೆ ಗೆರೆಗಳು ಕಾಣುತ್ತವೆ. "ವೈರಸ್ ತಿಂದಿದೆ" ಎಂದು ಕಡತವನ್ನು ಅಳಿಸಿಹಾಕುವ ಅಪಾಯ ಈ ಘಟ್ಟದಲ್ಲಿದೆ.

ಆ ಗೆರೆಗಳೇ ಕನ್ನಡ. ಜಿಸ್ಟ್ ಕಾರ್ಡ್ ಕನ್ನಡವನ್ನು ಇಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಸಂಗ್ರಹಿಸುತ್ತದೆ. ಇದನ್ನು ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಪ್ರಕಟಿಸಿದೆ. ಇಂಗ್ಲಿಷ್ ಅಕ್ಷರಗಳಿಗೆ 0ಯಿಂದ 127ರವರೆಗಿನ ಸಂಖ್ಯೆಗಳನ್ನು ಹಾಗೆಯೇ ಉಳಿಸಿ, ಭಾರತೀಯ ಅಕ್ಷರಗಳಿಗೆ ಅದರ ಮೇಲಿನ ಸಂಖ್ಯೆಗಳನ್ನು ನೀಡಲಾಗಿದೆ. ಉದಾಹರಣೆಗೆ 'ಕಮಲ' ಎಂಬ ಹೆಸರು 179, 204, 209 ಎಂಬ ಮೂರು ಸಂಖ್ಯೆಗಳಾಗಿ ಕಡತದಲ್ಲಿರುತ್ತದೆ. ಸಾಧಾರಣ ವಿಜಿಎ ಕಾರ್ಡಿನಲ್ಲಿ ಇದೇ ಸಂಖ್ಯೆಗಳಿಗೆ ಕೋಷ್ಟಕ ಬರೆಯುವ ಗೆರೆಗಳು ನಿಗದಿಯಾಗಿವೆ. ಆದ್ದರಿಂದ ಕಮಲ ಎಂಬವರು ಪರದೆಯ ಮೇಲೆ │╠╤ ಆಗಿ ಕಾಣುತ್ತಾರೆ. ಹೆಸರಿನ ಅಂಕಣದಲ್ಲಿ ಗೆರೆಗಳು, ಮೊಬಲಗಿನ ಅಂಕಣದಲ್ಲಿ ಸರಿಯಾದ ಅಂಕಿಗಳು ಕಂಡರೆ ಕಡತ ಕೆಟ್ಟಿಲ್ಲವೆಂದು ಬಹುಮಟ್ಟಿಗೆ ನಂಬಬಹುದು.

ಕಾರ್ಡ್ ಸತ್ತರೂ ಈ ಕನ್ನಡವನ್ನು ಓದಲು ಸಾಧ್ಯವಿದೆ. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಗೆ 57008 ಎಂಬ ಕೋಡ್ ಪೇಜ್ ಸಂಖ್ಯೆಯನ್ನು ನೀಡಲಾಗಿದೆ. ಕಡತದ ಹೆಸರಿನ ಅಂಕಣಗಳನ್ನು ಈ ಸಂಖ್ಯೆಯ ಮೂಲಕ ಯೂನಿಕೋಡ್‌ಗೆ ಪರಿವರ್ತಿಸುವುದು ತಂತ್ರಾಂಶ ಬರೆಯಬಲ್ಲ ಯಾರಿಗೂ ದೊಡ್ಡ ಕೆಲಸವಲ್ಲ. ಇಸ್ಕಿಯಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಕೋಷ್ಟಕ ಇರುವುದರಿಂದ ಕನ್ನಡದ ಬದಲು ದೇವನಾಗರಿಯ ಸಂಖ್ಯೆ 57002 ಕೊಟ್ಟರೆ ಅದೇ ಹೆಸರು ಹಿಂದಿಯ ಲಿಪಿಯಲ್ಲಿ ಮೂಡುತ್ತದೆ, ಇದರಿಂದ ಗಾಬರಿಯಾಗಬೇಕಿಲ್ಲ.

ಪರಿವರ್ತನೆಯಲ್ಲಿ ಎರಡು ಕಡೆ ಕಣ್ಣಿಡಬೇಕು. ಮೊದಲನೆಯದು ಅಂಕಣದ ಅಗಲ. ಇಸ್ಕಿಯಲ್ಲಿ ಒಂದು ಸಂಕೇತಕ್ಕೆ ಒಂದು ಬೈಟ್. ಯುಟಿಎಫ್-8 ರೂಪದ ಯೂನಿಕೋಡ್‌ನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. 30 ಬೈಟ್ ಅಗಲದ ಹೆಸರಿನ ಅಂಕಣವನ್ನು ಹೊಸ ಕೋಷ್ಟಕದಲ್ಲಿಯೂ 30 ಬೈಟ್ ಎಂದೇ ಇಟ್ಟರೆ ಉದ್ದದ ಹೆಸರುಗಳು ಸದ್ದಿಲ್ಲದೆ ತುಂಡಾಗುತ್ತವೆ. ತಂದೆಯ ಹೆಸರು ಅಥವಾ ಮನೆತನದ ಹೆಸರು ಕೊನೆಯಲ್ಲಿ ಬರುವ ಸದಸ್ಯರಿಗೆ ಇದು ಹಕ್ಕಿನ ಪ್ರಶ್ನೆ. ಒಂದೇ ಹೆಸರಿನ ಇಬ್ಬರು ಸದಸ್ಯರನ್ನು ಬೇರ್ಪಡಿಸುವ ಭಾಗವೇ ಕತ್ತರಿಸಿ ಹೋಗಿರುತ್ತದೆ. ಎರಡನೆಯದು ಅರ್ಧಾಕ್ಷರ. 'ರಾಜ್‌ಕುಮಾರ್' ಎಂಬಲ್ಲಿ ಜಕಾರದ ಹಲಂತವನ್ನು ಬಿಡಿಯಾಗಿ ತೋರಿಸಲು ಇಸ್ಕಿಯಲ್ಲಿ ಹಲಂತವನ್ನು ಎರಡು ಬಾರಿ ಬರೆಯುವ ಕ್ರಮವಿದೆ. ಇದನ್ನು ಅರಿಯದ ಪರಿವರ್ತಕವು 'ರಾಜ್ಕುಮಾರ್' ಎಂದು ಮಾಡುತ್ತದೆ, ಅನಂತರ ಹುಡುಕಿದಾಗ ಹೆಸರು ಸಿಗುವುದಿಲ್ಲ. ಅಲ್ಲದೆ 1991ಕ್ಕಿಂತ ಮುಂಚಿನ ಕಡತಗಳಲ್ಲಿ ಹಿಂದಿನ ಕೋಷ್ಟಕ ಬಳಕೆಯಾಗಿರಬಹುದಾದ್ದರಿಂದ ಹತ್ತು ಹೆಸರುಗಳನ್ನು ಪರಿವರ್ತಿಸಿ ನೋಡಿದ ನಂತರವಷ್ಟೇ ಇಡೀ ಕಡತಕ್ಕೆ ಕೈಹಾಕುವುದು ಒಳಿತು.

ನುಡಿ, ಬರಹ, ಶ್ರೀಲಿಪಿ ಕಡತಗಳು

ವಿಂಡೋಸ್ ಕಾಲದ ಕನ್ನಡದ ಕಥೆ ಬೇರೆ. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಖಾಸಗಿಯಾಗಿ ಬಂದ ಬರಹ, ಮುದ್ರಣಾಲಯಗಳ ಶ್ರೀಲಿಪಿ ಇವುಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡವು ಫಾಂಟ್‌ನ ಆಕಾರಗಳಾಗಿ ಇರುತ್ತದೆ. ಇವು ಕಾಣದಿದ್ದರೆ ಅಥವಾ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ ಗ್ರಾಫಿಕ್ಸ್ ಕಾರ್ಡಿಗೆ ಸಂಬಂಧವಿಲ್ಲ, ಫಾಂಟ್ ಇಲ್ಲವೆಂದರ್ಥ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿಯೇ ಯೂನಿಕೋಡ್ ಪರಿವರ್ತಕ ಇದೆ. ಶ್ರೀಲಿಪಿಯ ಹಳೆಯ ಪ್ರತಿಗಳಿಗೆ ಹಾರ್ಡ್‌ವೇರ್ ಲಾಕ್ ಬೇಕಾಗಿದ್ದು, ಪ್ರಿಂಟರ್ ಕಿಂಡಿಗೆ ಹಾಕುವ ಆ ಸಣ್ಣ ತುಂಡನ್ನು ಗುಜರಿಗೆ ಹಾಕಬಾರದು.

ಯೂನಿಕೋಡ್ ಕನ್ನಡವು ವಿಂಡೋಸ್ 98ರಲ್ಲಿ ಚೌಕಗಳಾಗಿ ಕಾಣುವುದು ಸಹಜ. ಕನ್ನಡದ ತುಂಗಾ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅಲ್ಲಿಯೂ ರೀಜನಲ್ ಆಪ್ಷನ್ಸ್‌ನಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆಯನ್ನು ಗುರುತು ಮಾಡದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ.

ಹೊಸ ಯಂತ್ರದಲ್ಲಿ ಹಳೆಯ ವ್ಯವಸ್ಥೆ

ಹೊಸದಾಗಿ ಕೊಂಡ ಯಂತ್ರದ ಮೇಲೆ ನೇರವಾಗಿ ವಿಂಡೋಸ್ 7 ಅಥವಾ ಅದಕ್ಕೂ ಹಳೆಯದನ್ನು ಹಾಕುವ ಪ್ರಯತ್ನ ಬೇಡವೆಂಬುದು ಈ ಶಾಖೆಯ ಅಭಿಪ್ರಾಯ. ವಿಂಡೋಸ್ 7 ಪರದೆಯನ್ನು ಹಳೆಯ ಬಯಾಸ್ ಪದ್ಧತಿಯಲ್ಲಿ ಕೇಳುತ್ತದೆ. ಶುದ್ಧ ಯುಇಎಫ್‌ಐ ಇರುವ ಯಂತ್ರಗಳು ಅದಕ್ಕೆ ಉತ್ತರಿಸುವುದಿಲ್ಲವಾದ್ದರಿಂದ ಆರಂಭದ ಲಾಂಛನದಲ್ಲಿಯೇ ನಿಲ್ಲುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ತಯಾರಕರ ಬೆಂಬಲ ನಿಂತಿದೆ. ಹಳೆಯ ಯಂತ್ರ ಉಳಿಸಿಕೊಂಡವರು ಅದನ್ನು ಅಂತರ್ಜಾಲಕ್ಕೆ ಜೋಡಿಸಬಾರದು.

ಹಳೆಯ ವ್ಯವಸ್ಥೆಯನ್ನು ಹೊಸ ಯಂತ್ರದೊಳಗೆ ವರ್ಚುಯಲ್ ಯಂತ್ರವಾಗಿ ನಡೆಸುವುದು ಉತ್ತಮ ದಾರಿ. ಅಲ್ಲಿ ಹಳೆಯ ತಂತ್ರಾಂಶಕ್ಕೆ ಅದರ ಕಾಲದ ಕಾರ್ಡಿನಂತೆ ನಟಿಸುವ ಕಾರ್ಡ್ ಸಿಗುತ್ತದೆ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಎಸ್3 ಕಾರ್ಡಿನಂತೆ ನಟಿಸುತ್ತದೆ. ಟರ್ಬೊ ಸಿ ಕಲಿಯುವವರಿಗೆ ಅದು ಸಾಕು. ಆದರೆ ಡಾಸ್‌ಬಾಕ್ಸ್ ಮುಖ್ಯವಾಗಿ ಆಟಗಳಿಗೆಂದು ರೂಪಿಸಿದ್ದು, ಮುದ್ರಣಕ್ಕೆ ಅನುಕೂಲವಿಲ್ಲದ್ದು. ಅದರಲ್ಲಿ ಹಳೆಯ ಲೆಕ್ಕಗಳನ್ನು ನೋಡಬಹುದು, ಹೊಸ ವಹಿವಾಟು ನಮೂದಿಸಬಾರದು. ಜಿಸ್ಟ್ ಕಾರ್ಡಿನಂತೆ ಅದು ನಟಿಸುವುದಿಲ್ಲ, ಹೀಗಾಗಿ ಕನ್ನಡದ ಅಂಕಣಗಳು ಅಲ್ಲಿಯೂ ಗೆರೆಗಳೇ.

ತಾಳೆ ಮತ್ತು ಕಾನೂನು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣದಂತೆ, ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಇಡುವುದಾದರೆ ಅದು ಮುಂದೆಯೂ ತೆರೆದು ಬಳಸಲು ಬರುವಂತಿರಬೇಕು. ಮೂಲ ರೂಪದಲ್ಲಿಯೇ ಇರಬೇಕು ಅಥವಾ ಮೂಲವನ್ನು ನಿಖರವಾಗಿ ಪ್ರತಿನಿಧಿಸುತ್ತದೆಂದು ತೋರಿಸಬಹುದಾದ ರೂಪದಲ್ಲಿರಬೇಕು. ಪರದೆ ಬಾರದ ಯಂತ್ರದೊಳಗಿರುವ ಲೆಕ್ಕವು ಮೊದಲನೆಯ ಷರತ್ತನ್ನು ಪೂರೈಸುವುದಿಲ್ಲ. ತಾಳೆ ನೋಡದ ಪರಿವರ್ತನೆ ಎರಡನೆಯದನ್ನು ಪೂರೈಸುವುದಿಲ್ಲ.

412 ಸದಸ್ಯರಿರುವ ಪತ್ತಿನ ಸಂಘವೊಂದರ ಷೇರು ಕಡತವನ್ನು ಪರಿವರ್ತಿಸಲಾಗಿದೆ ಎಂದಿಟ್ಟುಕೊಳ್ಳೋಣ. ಹೊಸ ಕೋಷ್ಟಕದಲ್ಲಿಯೂ 412 ನಮೂದುಗಳಿರಬೇಕು. ಷೇರು ಮೊಬಲಗಿನ ಒಟ್ಟು ಮೊತ್ತ ಎರಡೂ ಕಡೆ ಪೈಸೆಗೆ ಪೈಸೆ ಸರಿಹೊಂದಬೇಕು, ಮತ್ತು ಆ ವರ್ಷದ ಲೆಕ್ಕಪರಿಶೋಧನಾ ವರದಿಯ ಆಸ್ತಿ-ಜವಾಬ್ದಾರಿ ತಖ್ತೆಯೊಂದಿಗೂ ಹೊಂದಬೇಕು. ಮೊತ್ತ ಹೊಂದಿದ ಮಾತ್ರಕ್ಕೆ ಹೆಸರು ಸರಿಯಿದೆ ಎಂದಾಗುವುದಿಲ್ಲವಾದ್ದರಿಂದ, ಅತಿ ಉದ್ದದ ಹೆಸರುಗಳನ್ನು ಮತ್ತು ಅರ್ಧಾಕ್ಷರವಿರುವ ಹೆಸರುಗಳನ್ನು ಮುದ್ರಿತ ಸದಸ್ಯತ್ವ ವಹಿಯೊಂದಿಗೆ ಕಣ್ಣಾರೆ ಹೋಲಿಸಬೇಕು. ಹೋಲಿಸಿದವರ ಸಹಿ, ದಿನಾಂಕ ಹಾಗೂ ಬಳಸಿದ ಪರಿವರ್ತಕದ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತ ಮಂಡಳಿಯ ಸಭೆಯ ನಡವಳಿಗೆ ಲಗತ್ತಿಸಿದರೆ ಮುಂದೆ ತಕರಾರು ಬಂದಾಗ ಆಧಾರವಾಗುತ್ತದೆ. ಮೂಲ ಕಡತದ ಪ್ರತಿಯನ್ನು ಗೆರೆಗಳ ಸಮೇತ ಹಾಗೆಯೇ ಉಳಿಸಿಕೊಳ್ಳತಕ್ಕದ್ದು. ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಿಂದ ಅದರ ಎಸ್‌ಎಚ್‌ಎ-256 ಸಂಖ್ಯೆಯನ್ನು ಪಡೆದು ಅದೇ ಹಾಳೆಯಲ್ಲಿ ನಮೂದಿಸಿದರೆ ಮೂಲವನ್ನು ಯಾರೂ ತಿದ್ದಿಲ್ಲವೆಂದು ತೋರಿಸಬಹುದು.

ಯಂತ್ರದ ವಿಲೇವಾರಿ

ತಾಳೆ ಪೂರ್ಣಗೊಂಡು, ಎರಡು ಪ್ರತಿಗಳು ಎರಡು ಬೇರೆ ಸ್ಥಳಗಳಲ್ಲಿ ಇರುವುದು ಖಚಿತವಾದ ನಂತರವೇ ಹಳೆಯ ಯಂತ್ರವನ್ನು ದಾಸ್ತಾನು ವಹಿಯಿಂದ ತೆಗೆಯಬಹುದು. ಸದಸ್ಯರ ವೈಯಕ್ತಿಕ ವಿವರಗಳಿರುವ ಹಾರ್ಡ್ ಡಿಸ್ಕನ್ನು ಯಂತ್ರದೊಂದಿಗೆ ನೀಡಬಾರದು. ಉಳಿದ ಭಾಗಗಳನ್ನು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ಸ್ವೀಕೃತಿ ಪಡೆಯತಕ್ಕದ್ದು. ಜಿಸ್ಟ್ ಕಾರ್ಡ್ ಸುಸ್ಥಿತಿಯಲ್ಲಿದ್ದರೆ ಅದನ್ನು ಐಎಸ್‌ಎ ಕಿಂಡಿಯಿರುವ ಮದರ್‌ಬೋರ್ಡಿನ ಸಮೇತ ತೆಗೆದಿಡುವಂತೆ ಕೋರಲಾಗಿದೆ. ಬೇರೊಂದು ಸಂಘದ ಕಡತವನ್ನು ತಾಳೆ ನೋಡಲು ಅದು ಬೇಕಾಗಬಹುದು.